ಕಂದು ಡಯಲ್, ಜೇಡರಬಲೆ, ಜೇನುಬಣ್ಣ: ಹಳೆಯ ದುಬಾರಿ ವಾಚಿನಲ್ಲಿ ಯಾವ ಮುಪ್ಪನ್ನು ಆರಿಸಬೇಕು?

ಒಂದೇ ಮಾದರಿ, ಒಂದೇ ವರ್ಷ, ಒಂದೇ ಕಾರ್ಖಾನೆಯಿಂದ ಹೊರಬಿದ್ದ ಎರಡು ವಾಚುಗಳು ಮೇಜಿನ ಮೇಲಿವೆ ಎಂದುಕೊಳ್ಳಿ. ಒಂದರ ಡಯಲ್ ಇವತ್ತಿಗೂ ಕಪ್ಪು. ಇನ್ನೊಂದರದು ಹುರಿದ ಕಾಫಿಬೀಜದ ಬಣ್ಣಕ್ಕೆ ತಿರುಗಿದೆ. ಕಾರ್ಖಾನೆಯ ಲೆಕ್ಕದಲ್ಲಿ ಎರಡನೆಯದು ಕೆಟ್ಟ ಮಾಲು, ಬಣ್ಣ ಹಿಡಿದು ನಿಲ್ಲದೆ ಸೋತ ಡಯಲ್. ಸಂಗ್ರಾಹಕರ ಲೆಕ್ಕದಲ್ಲಿ ಅದೇ ಹೆಚ್ಚು ಬೆಲೆಯ ‘ಟ್ರಾಪಿಕಲ್’, ಅಂದರೆ ಬಿಸಿಲಿಗೆ ಮಾಗಿ ಕಂದಾದ ಡಯಲ್. ಈ ತಲೆಕೆಳಗಾದ ಲೆಕ್ಕವೇ ಕೊಳ್ಳುವವರನ್ನು ದಾರಿ ತಪ್ಪಿಸುತ್ತದೆ. ಕಂದಾಗಿದ್ದರೆ ಸಾಕು, ಒಳ್ಳೆಯದು ಎಂದು ಕೈಹಾಕಿದವರು ಆಮೇಲೆ ತೇವ ಕುಡಿದ ಡಯಲನ್ನೋ, ಒಲೆಯಲ್ಲಿ ಬೇಯಿಸಿದ ಡಯಲನ್ನೋ ಹಿಡಿದು ಕೂರುತ್ತಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ, ಕಂದಾಗಿರುವುದೆಲ್ಲ ‘ಟ್ರಾಪಿಕಲ್’ ಅಲ್ಲ.

ಹಳೆಯ ವಾಚಿನ ಒಳಗಿನ ಯಂತ್ರವನ್ನು, ಅಂದರೆ ಮೂವ್‌ಮೆಂಟನ್ನು, ಬಿಚ್ಚಿ ತೊಳೆದು ಎಣ್ಣೆ ಹಾಕಬಹುದು. ಗಾಜು, ಕ್ರೌನ್ (ಕೀಲಿ ಕೊಡುವ ತಿರುಪು), ಗ್ಯಾಸ್ಕೆಟ್ (ನೀರು ತಡೆಯುವ ಉಂಗುರ) ಬದಲಿಸಬಹುದು. ಪಟ್ಟಿ ಹಿಡಿಯುವ ಕೇಸಿನ ಕೋಡು, ಅಂದರೆ ಲಗ್, ಸವೆದಿದ್ದರೆ ಲೇಸರ್ ವೆಲ್ಡಿಂಗಿನಿಂದ ಲೋಹ ತುಂಬುವವರೂ ಇದ್ದಾರೆ. ಡಯಲ್ ಒಂದನ್ನು ಮಾತ್ರ ಹಿಂದಿನ ಸ್ಥಿತಿಗೆ ತರಲಾಗದು. ಮುಟ್ಟಿದರೆ ಅದು ಬೇರೆಯೇ ಡಯಲ್ ಆಗುತ್ತದೆ. ಆದ್ದರಿಂದ ಎರಡು ವಾಚುಗಳ ನಡುವೆ ಆಯ್ಕೆ ಮಾಡುವಾಗ ಮೊದಲು ಕೇಳಬೇಕಾದದ್ದು ಎರಡೇ. ಈ ಮುಪ್ಪು ಎಲ್ಲೋ ಬಂದು ನಿಂತಿದೆಯೋ, ಇನ್ನೂ ನಡೆಯುತ್ತಿದೆಯೋ? ಡಯಲಿನ ಜತೆಗೆ ಮುಳ್ಳು, ಬೆಜೆಲ್ (ಗಾಜಿನ ಸುತ್ತಲಿನ ಉಂಗುರ), ಕೇಸ್ ಕೂಡ ಮುಪ್ಪಾಗಿವೆಯೋ, ಅದೊಂದೇ ಮುದುಕನಾಗಿ ಉಳಿದವು ಹರೆಯದಲ್ಲಿವೆಯೋ?

ಯಾವ ಪದರ ಸೋತಿದೆ?

ಡಯಲ್ ಎಂದರೆ ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಹಿತ್ತಾಳೆ ತಗಡು. ಅದರ ಮೇಲೆ ವಿದ್ಯುತ್ ಲೇಪನದ ಅಥವಾ ಬಣ್ಣದ ಒಂದು ಪದರ, ಅಕ್ಷರಗಳ ಅಚ್ಚು, ಎಲ್ಲದರ ಮೇಲೆ ತೆಳುವಾದ ಪಾರದರ್ಶಕ ಮೆರುಗೆಣ್ಣೆ. ಬಿಸಿಲಿನ ನೇರಳಾತೀತ ಕಿರಣ, ಶಾಖ, ತೇವ ಈ ಮೂರೂ ಪ್ರತಿ ಪದರವನ್ನೂ ಬೇರೆ ಬೇರೆ ಬಗೆಯಲ್ಲಿ ಕೆಡಿಸುತ್ತವೆ. ಯಾವ ಪದರ ಕೆಟ್ಟಿದೆ ಎಂದು ತಿಳಿದರೆ ಅರ್ಧ ಆಯ್ಕೆ ಮುಗಿದಂತೆ.

ಕಪ್ಪು ಬಣ್ಣವೇ ಕಂದಾದದ್ದು ಟ್ರಾಪಿಕಲ್. ರೋಲೆಕ್ಸ್‌ನ ಜಿಎಂಟಿ ಮಾಸ್ಟರ್ 1675, ಸಬ್‌ಮರೀನರ್ 5513 ಮತ್ತು 1680, ಒಮೆಗಾ ಸ್ಪೀಡ್‌ಮಾಸ್ಟರಿನ 105.003, 105.012, 145.012, 145.022 ಮಾದರಿಗಳಲ್ಲಿ ಇದು ಮತ್ತೆ ಮತ್ತೆ ಸಿಗುತ್ತದೆ. ಎಲ್ಲ ವಾಚಿಗೂ ಹೀಗಾಗುವುದಿಲ್ಲ. ಒಂದು ಕಾಲದ, ಒಂದು ಬ್ಯಾಚಿನ ಬಣ್ಣದ ಮಿಶ್ರಣ ಗಟ್ಟಿಯಿರದಿದ್ದರೆ ಅದು ತಿರುಗುತ್ತದೆ, ಪಕ್ಕದ ಬ್ಯಾಚು ಅದೇ ಬಿಸಿಲಿನಲ್ಲಿ ಅರ್ಧ ಶತಮಾನ ಕಳೆದರೂ ಕಪ್ಪಾಗಿಯೇ ಉಳಿಯುತ್ತದೆ. ಒಳ್ಳೆಯ ಟ್ರಾಪಿಕಲ್ ಡಯಲಿನ ಗುಣವೆಂದರೆ ಬಣ್ಣ ಬದಲಾಗಿದ್ದರೂ ಮೇಲ್ಮೈ ಒಡೆದಿರುವುದಿಲ್ಲ; ಅಕ್ಷರದ ಅಂಚು ಕೊರೆದಂತೆ ಚೂಪಾಗಿರುತ್ತದೆ.

ಮೆರುಗೆಣ್ಣೆ ಬಿರುಕು ಬಿಟ್ಟದ್ದು ಸ್ಪೈಡರ್, ಅಂದರೆ ಜೇಡರಬಲೆ ಡಯಲ್. 1980ರ ದಶಕದಲ್ಲಿ ರೋಲೆಕ್ಸ್ ಮಂಕು ಡಯಲ್ ಬಿಟ್ಟು ಹೊಳಪಿನ ಡಯಲಿಗೆ ಹೊರಳಿದಾಗ ಬಂದ ತೊಂದರೆ ಇದು. ಸಬ್‌ಮರೀನರ್ 16800, ಜಿಎಂಟಿ 16750, ಕೊನೆಕೊನೆಯ 5513ಗಳಲ್ಲಿ ಕಾಣುತ್ತದೆ. ನೇರವಾಗಿ ನೋಡಿದರೆ ಕಾಣದ ಬಿರುಕು, ವಾಚನ್ನು 45 ಡಿಗ್ರಿ ಓರೆ ಮಾಡಿ ದೀಪ ಹಿಡಿದಾಗ ಬಲೆಯಂತೆ ಎದ್ದು ಬರುತ್ತದೆ. ಟ್ರಾಪಿಕಲಿಗೆ ಸಿಗುವ ಗೌರವ ಇದಕ್ಕೆ ಎಲ್ಲರಿಂದಲೂ ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. ಟ್ರಾಪಿಕಲಿನಲ್ಲಿ ಬದಲಾದದ್ದು ಬಣ್ಣ. ಇಲ್ಲಿ ಸೋತದ್ದು ಹಿಡಿತ. ಬಿರುಕಿನ ಅಂಚು ಮೇಲಕ್ಕೆ ಸುರುಳಿದ್ದರೆ ಆ ಮೆರುಗೆಣ್ಣೆ ಇಂದಲ್ಲ ನಾಳೆ ಉದುರುತ್ತದೆ.

ಡಯಲಿನೊಳಗಿನ ಚಿಕ್ಕ ಡಯಲುಗಳ, ಅಂದರೆ ಉಪವೃತ್ತಗಳ, ಉಂಗುರವಷ್ಟೇ ಕಂದಾದದ್ದು ಪತ್ರಿಜ್ಜಿ ಡಯಲ್. ರೋಲೆಕ್ಸ್ ಡೇಟೋನಾ 16520ರ ಕಪ್ಪು ಡಯಲಿನಲ್ಲಿ, 1990ರ ದಶಕದ ನಡುವಿನ ಕೆಲವು ವರ್ಷಗಳಲ್ಲಿ ಬಳಸಿದ ಝಪಾನ್ ಎಂಬ ಸಾವಯವ ವಾರ್ನಿಷ್ ಬೆಳ್ಳಿ ಉಂಗುರಗಳನ್ನು ಕಾಪಾಡಲಿಲ್ಲ. ಅವು ಜೇನುಬಣ್ಣದಿಂದ ಗಾಢ ಕಂದಿನವರೆಗೆ ತಿರುಗಿದವು. ಇದನ್ನು ಗುರುತಿಸಿ ಹೆಸರಾದವರು ಹರಾಜುಗಾರ ಒಸ್ವಾಲ್ಡೊ ಪತ್ರಿಜ್ಜಿ. ಗಮನಿಸಬೇಕಾದ ಸಂಗತಿಯೆಂದರೆ ಈ ಬಣ್ಣ ಇನ್ನೂ ಗಾಢವಾಗುತ್ತಲೇ ಹೋಗಬಹುದು. ಹಾಗಾದರೂ ಮೇಲ್ಮೈ ಒಡೆಯುವುದಿಲ್ಲ, ಉದುರುವುದಿಲ್ಲ. ನಡೆಯುತ್ತಿರುವ ಮುಪ್ಪಾದರೂ ಹಾನಿಯಿಲ್ಲದ್ದು ಎನ್ನಬಹುದಾದ ಅಪರೂಪದ ಉದಾಹರಣೆ ಇದು.

ನೀಲಿ ನೇರಳೆಯಾಗುವುದೂ ಉಂಟು. ಉಕ್ಕು ಮತ್ತು ಚಿನ್ನ ಬೆರೆತ ಸಬ್‌ಮರೀನರ್ 16803 ಮತ್ತು ಮೊದಮೊದಲ 16613ಗಳ ನೀಲಿ ಡಯಲ್ ನೇರಳೆಗೆ ತಿರುಗಿದ್ದನ್ನು ಹುಡುಕಿಕೊಂಡು ಹೋಗುವವರಿದ್ದಾರೆ.

ಬೆಳ್ಳಿ ಡಯಲಿನ ಕತೆ ಬೇರೆ. 1940–50ರ ದಶಕಗಳ ಪಟೇಕ್ ಫಿಲಿಪ್, ವಾಶೆರಾನ್ ಮುಂತಾದ ಡ್ರೆಸ್ ವಾಚುಗಳಲ್ಲಿ ಬೆಳ್ಳಿ ಲೇಪದ ಮೇಲಿನ ವಾರ್ನಿಷ್ ಹಳದಿಯಾಗಿ ಕೆನೆಬಣ್ಣ ಬರುತ್ತದೆ. ವಾರ್ನಿಷ್ ಒಡೆದಲ್ಲಿ ಗಾಳಿಯ ಗಂಧಕ ತಾಗಿ ಬೆಳ್ಳಿ ಕಪ್ಪು ಚುಕ್ಕೆಯಾಗುತ್ತದೆ. ಇಂಥ ಡಯಲನ್ನು ತೊಳೆದು ಬೆಳ್ಳಗೆ ಮಾಡುವುದು ಹಿಂದೆ ಸಾಮಾನ್ಯ ವಾಡಿಕೆಯಾಗಿತ್ತು, ಮತ್ತು ಅದೇ ಇವತ್ತು ಪತ್ತೆ ಹಚ್ಚಬೇಕಾದ ದೋಷ. ಆ ಕಾಲದ ಪಟೇಕ್ ಡಯಲುಗಳಲ್ಲಿ ಹೆಸರನ್ನು ಕೊರೆದು, ಕೊರೆದ ಗೆರೆಗೆ ಗಟ್ಟಿ ಎನಾಮಲ್ ತುಂಬಿ ಸುಡುತ್ತಿದ್ದರು. ಹೊಸದರಲ್ಲಿ ಆ ಅಕ್ಷರ ಮೇಲ್ಮೈಯಿಂದ ಕೂದಲೆಳೆಯಷ್ಟು ಉಬ್ಬಿರುತ್ತದೆ. ಉಜ್ಜಿ ತೊಳೆದದ್ದರಲ್ಲಿ ಸಪಾಟಾಗಿ, ಗೆರೆ ತೆಳ್ಳಗಾಗಿ, ಅಲ್ಲಲ್ಲಿ ತುಂಡಾಗಿ ಕಾಣುತ್ತದೆ. ಅಚ್ಚೊತ್ತಿದ ನಿಮಿಷದ ಗೆರೆಗಳು ಮಾಯವಾಗಿ ಹೆಸರು ಮಾತ್ರ ಉಳಿದಿದ್ದರೆ ಡಯಲಿಗೆ ಸ್ನಾನವಾಗಿದೆ ಎಂದೇ ಅರ್ಥ. ಹಳದಿಯಾದ, ಆದರೆ ಯಾರೂ ಮುಟ್ಟದ ಡಯಲ್ ಮತ್ತು ಬೆಳ್ಳಗೆ ಹೊಳೆಯುವ, ತೊಳೆದ ಡಯಲ್ ಇವೆರಡರಲ್ಲಿ ಮೊದಲನೆಯದೇ ಸರಿ. ಇದರಲ್ಲಿ ಹಿಂದೆಮುಂದೆ ನೋಡುವುದಕ್ಕೇನೂ ಇಲ್ಲ.

ನಿಂತ ಮುಪ್ಪು, ನಡೆಯುತ್ತಿರುವ ಕೊಳೆತ

ಬಿಸಿಲಿನಿಂದ ಆದ ಬದಲಾವಣೆ, ಬಿಸಿಲು ತಪ್ಪಿಸಿದರೆ ಬಹುಮಟ್ಟಿಗೆ ನಿಲ್ಲುತ್ತದೆ. ತೇವದಿಂದ ಆದದ್ದು ಹಾಗಲ್ಲ. ಕೇಸಿನೊಳಗೆ ಹೊಕ್ಕ ನೀರಾವಿ ಹಿತ್ತಾಳೆಯನ್ನು ಕೆಳಗಿನಿಂದ ತಿನ್ನುತ್ತದೆ, ಮೇಲಿನ ಬಣ್ಣ ಹಪ್ಪಳದಂತೆ ಏಳುತ್ತದೆ. ಎರಡನ್ನೂ ಬೇರ್ಪಡಿಸುವುದಕ್ಕೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಸಾಕು.

ಅಂಟಿಸಿದ ಗಂಟೆಗುರುತುಗಳ ಬುಡದಲ್ಲಿ ನೋಡಿ: ಹಸಿರು ಕಿಲುಬು ಇದ್ದರೆ ತೇವ ಒಳಹೊಕ್ಕಿದೆ. ಗುರುತಿನ ಕಾಲು ಡಯಲನ್ನು ತೂತು ಮಾಡಿ ಹಿಂದಕ್ಕೆ ಹೋಗಿರುವುದರಿಂದ ಕಿಲುಬು ಮೊದಲು ಹುಟ್ಟುವುದು ಅಲ್ಲೇ. ಬಣ್ಣದ ಮೇಲೆ ಗುಳ್ಳೆಗಳಿದ್ದರೆ, ಅದೂ ಡಯಲಿನ ಅಂಚಿನಿಂದ ಒಳಕ್ಕೆ ಹಬ್ಬಿದ್ದರೆ, ಗಾಜಿನ ಸುತ್ತಲಿಂದ ನೀರು ಬಂದಿದೆ. 3 ಗಂಟೆಯ ಬದಿಯಲ್ಲಿ ಮಾತ್ರ ಕಲೆಯಿದ್ದರೆ ಕ್ರೌನಿನಿಂದ ಬಂದಿದೆ. ಆಗ ಹಿಂಬದಿ ತೆರೆಸಿ ಕ್ರೌನಿನ ಕಂಬಿ ಮತ್ತು ಅದರ ಪಕ್ಕದ ಉಕ್ಕಿನ ಭಾಗಗಳಲ್ಲಿ ತುಕ್ಕಿದೆಯೇ ನೋಡಲೇಬೇಕು. ಗುರುತು, ಮುಳ್ಳುಗಳ ಮೇಲಿನ ಕತ್ತಲಲ್ಲಿ ಹೊಳೆಯುವ ಲೇಪದಲ್ಲಿ ಕರಿಚುಕ್ಕೆಗಳಿದ್ದರೆ ಬೂಷ್ಟು. ಲೇಪ ಬಿರುಕು ಬಿಟ್ಟು ಪುಡಿಯಾಗುತ್ತಿದ್ದರೆ ಆ ಪುಡಿ ಡಯಲಿನ ನಡುವಿನ ತೂತಿನಿಂದ ಮೂವ್‌ಮೆಂಟಿಗೆ ಇಳಿದು ಚಕ್ರಗಳನ್ನು ನಿಲ್ಲಿಸಬಲ್ಲದು.

ಗಾಢ ಕಂದು ಬಣ್ಣದ ಸುತ್ತ ಉಂಗುರದಂತೆ ಅಲೆ ಅಲೆಯಾಗಿ ಗೆರೆ ಕಂಡರೆ ಅದು ನೀರು ನಿಂತು ಒಣಗಿದ ಗುರುತು. ಬಿಸಿಲು ಅಲೆ ಬರೆಯುವುದಿಲ್ಲ. ಮಾರುವವರು ಇದನ್ನೂ ‘ಟ್ರಾಪಿಕಲ್’ ಎನ್ನುತ್ತಾರೆ, ಭಾಷೆ ಉದಾರವಾದದ್ದು.

ಕತ್ತಲಲ್ಲಿ ಹೊಳೆಯುವ ಲೇಪ ಹೇಳುವ ಕಾಲ

ಡಯಲಿನ ವಯಸ್ಸನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. 1960ರ ದಶಕದ ಆರಂಭದವರೆಗೆ ರೇಡಿಯಂ, ಅಲ್ಲಿಂದ 1990ರ ದಶಕದ ಕೊನೆಯವರೆಗೆ ಟ್ರೀಷಿಯಂ, ಆಮೇಲೆ ವಿಕಿರಣವಿಲ್ಲದ ಲ್ಯೂಮಿನೋವಾ ಮತ್ತು ಸೂಪರ್ ಲ್ಯೂಮಿನೋವಾ. 6 ಗಂಟೆಯ ಕೆಳಗೆ ಸ್ವಿಸ್ ಎಂಬ ಪದದ ಜತೆ ಟಿ ಅಕ್ಷರವಿದ್ದರೆ ಟ್ರೀಷಿಯಂ. ಬರೀ ಸ್ವಿಸ್ ಎಂದಿದ್ದರೆ ಟ್ರೀಷಿಯಂಗಿಂತ ಹಿಂದಿನದಾಗಿರಬಹುದು, ರೋಲೆಕ್ಸಿನಲ್ಲಾದರೆ 1998–99ರ ಸುಮಾರಿನ ಲ್ಯೂಮಿನೋವಾ ಡಯಲೂ ಆಗಿರಬಹುದು. 1965ರ ವಾಚಿನ ಮೇಲೆ ಇಂಥ ಎರಡನೆಯ ಬಗೆಯ ಡಯಲ್ ಕಂಡರೆ ಬದಲಿಸಿದ್ದಾರೆ ಎಂದರ್ಥ.

ಟ್ರೀಷಿಯಂ 12.3 ವರ್ಷಕ್ಕೊಮ್ಮೆ ಅರ್ಧವಾಗುತ್ತದೆ. ಐವತ್ತು ವರ್ಷದ ಹಿಂದಿನ ಲೇಪದಲ್ಲಿ ಉಳಿದಿರುವುದು ನೂರಕ್ಕೆ ಆರರಷ್ಟು. ಕತ್ತಲಲ್ಲಿ ಹೊಳೆಯುವ ಮಾತೇ ಇಲ್ಲ. 365 ನ್ಯಾನೋಮೀಟರಿನ ನೇರಳಾತೀತ ಟಾರ್ಚ್ ಹಿಡಿದರೆ ಹಳೆಯ ಟ್ರೀಷಿಯಂ ಲೇಪ ಬೆಳಗಬಹುದು. ಟಾರ್ಚ್ ಆರಿಸಿದ ಕೆಲವೇ ಸೆಕೆಂಡಿನಲ್ಲಿ ಸತ್ತುಹೋಗುತ್ತದೆ. ಟಾರ್ಚ್ ಆರಿಸಿದ ಮೇಲೂ ನಿಮಿಷಗಟ್ಟಲೆ ಹಸಿರಾಗಿ ಹೊಳೆಯುತ್ತಿದ್ದರೆ ಹೊಸ ಲೇಪ ಬಳಿದಿದ್ದಾರೆ. ಡಯಲಿನ ಗುರುತು ತಕ್ಷಣ ಆರಿ ಮುಳ್ಳು ಮಾತ್ರ ಹೊಳೆಯುತ್ತಿದ್ದರೆ ಮುಳ್ಳು ಬದಲಾಗಿದೆ, ಅಥವಾ ಮುಳ್ಳಿಗೆ ಹೊಸ ಲೇಪ ತುಂಬಿದ್ದಾರೆ.

ರೇಡಿಯಂ ಬೇರೆ ಜಾತಿಯದು. ಅದರ ಅರ್ಧಾಯುಷ್ಯ ಸುಮಾರು 1600 ವರ್ಷ. ಹೊಳಪು ನಿಂತದ್ದು ಜತೆಗಿದ್ದ ಸತುವಿನ ಸಲ್ಫೈಡ್ ಸುಟ್ಟುಹೋದ್ದರಿಂದ. ರೇಡಿಯಂ ಹಾಗೆಯೇ ಇದೆ. ಗೈಗರ್ ಮಾಪಕ ಹಿಡಿದರೆ ಗಾಜಿನ ಮೇಲಿನಿಂದಲೇ ಟಿಕಟಿಕ ಎನ್ನುತ್ತದೆ. ಟ್ರೀಷಿಯಂನ ಕಿರಣಕ್ಕೆ ಗಾಜು ದಾಟುವ ಶಕ್ತಿಯಿಲ್ಲ, ಮಾಪಕ ಮೌನವಾಗಿರುತ್ತದೆ. ಟಿ ಅಕ್ಷರವಿರುವ ಡಯಲ್ ಮೇಲೆ ಮಾಪಕ ಕೂಗಿದರೆ ಭಾಗಗಳು ಬೆರೆತಿವೆ, ಸಾಮಾನ್ಯವಾಗಿ ಹಳೆಯ ಮುಳ್ಳುಗಳೇ ಕಾರಣ. ವರ್ಷಗಟ್ಟಲೆ ನಿಂತಿದ್ದ ರೇಡಿಯಂ ವಾಚುಗಳಲ್ಲಿ ಮುಳ್ಳಿನ ನೆರಳಿನಂತೆ ಡಯಲ್ ಸುಟ್ಟ ಕಂದುಗೆರೆ ಇರುತ್ತದೆ. ಅದು ನಕಲು ಮಾಡಲು ಕಷ್ಟವಾದ ಗುರುತು, ಆದ್ದರಿಂದ ಅಂದಗೇಡಾದರೂ ಅಸಲಿತನದ ಪರವಾಗಿ ನಿಲ್ಲುತ್ತದೆ. ರೇಡಿಯಂ ವಾಚನ್ನು ಮನೆಯಲ್ಲಿ ಬಿಚ್ಚುವುದು ಬೇಡ. ಪುಡಿ ಉಸಿರಿನೊಂದಿಗೆ ಒಳಹೋದರೆ ಅಪಾಯ, ಮುಚ್ಚಿದ ಪೆಟ್ಟಿಗೆಯಲ್ಲಿ ರೇಡಾನ್ ಅನಿಲವೂ ಸೇರಿಕೊಳ್ಳುತ್ತದೆ. ದಿನನಿತ್ಯ ಕಟ್ಟುವ ವಾಚು ಬೇಕಾದವರು ರೇಡಿಯಂ, ಟ್ರೀಷಿಯಂಗಳ ನಡುವೆ ಎರಡನೆಯದನ್ನು ಆರಿಸುವುದು ಲೇಸು.

ಬಿಸಿಲಲ್ಲಿ ಮಾಗಿದ್ದೋ, ಒಲೆಯಲ್ಲಿ ಬೆಂದದ್ದೋ

ಕಂದಿಗೆ ಬೆಲೆ ಬಂದಮೇಲೆ ಕಪ್ಪು ಡಯಲನ್ನು ಓವನ್ನಿನಲ್ಲಿ ಸುಡುವುದು, ನೇರಳಾತೀತ ದೀಪದ ಕೆಳಗೆ ಇಡುವುದು, ರಾಸಾಯನಿಕ ಹಚ್ಚುವುದು ಎಲ್ಲ ಶುರುವಾಯಿತು. ಪತ್ತೆಗೆ ಒಂದೇ ತತ್ವ: ಬಿಸಿಲು ಮೇಲಿನಿಂದ ಬರುತ್ತದೆ, ಒಲೆಯ ಶಾಖ ಎಲ್ಲ ಕಡೆಯಿಂದ.

ಡಯಲಿನ ಅಂಚಿನ ಒಂದು ಕಿರಿದಾದ ಪಟ್ಟಿ ಕೇಸಿನ ತುಟಿಯ ಕೆಳಗೆ ಮುಚ್ಚಿರುತ್ತದೆ. ಸಹಜವಾಗಿ ಮಾಗಿದ ಡಯಲನ್ನು ಕೇಸಿನಿಂದ ಹೊರತೆಗೆದರೆ ಆ ಪಟ್ಟಿ ಇನ್ನೂ ಕಪ್ಪಾಗಿ, ಅಥವಾ ಕನಿಷ್ಠ ಒಂದು ಛಾಯೆ ಗಾಢವಾಗಿ ಉಳಿದಿರುತ್ತದೆ. ಬೇಯಿಸಿದ್ದರಲ್ಲಿ ಅಂಚಿನವರೆಗೂ ಒಂದೇ ಕಂದು. ಹಿಂಬದಿಯನ್ನೂ ನೋಡಿ: ಹಿತ್ತಾಳೆ ಅಥವಾ ಬೆಳ್ಳಿ ಲೇಪ ಶಾಖಕ್ಕೆ ನೀಲಿ, ಕೆಂಪು ಛಾಯೆ ತಾಳಿದ್ದರೆ ಡಯಲ್ ಒಲೆ ಕಂಡಿದೆ. ಡಯಲಿನ ಹೊಳೆಯುವ ಲೇಪ ಸುಟ್ಟ ಕಂದಿಗೆ ಹೋಗಿದ್ದು ಮುಳ್ಳಿನ ಲೇಪ ತಿಳಿ ಕೆನೆಬಣ್ಣದಲ್ಲಿದ್ದರೆ ಡಯಲ್ ಒಂಟಿಯಾಗಿ ಬೆಂದಿದೆ. ಇನ್ನು, ಒಲೆಯ ಶಾಖಕ್ಕೆ ಬಣ್ಣದ ಮೇಲ್ಮೈಯಲ್ಲಿ ಕಿತ್ತಳೆ ಸಿಪ್ಪೆಯಂತೆ ಸಣ್ಣ ಏರುತಗ್ಗು ಮೂಡಬಹುದು. ಬಿಸಿಲಿನ ಡಯಲ್ ನಯವಾಗಿಯೇ ಇರುತ್ತದೆ.

ಇದಕ್ಕಾಗಿ ಕೇಸ್ ತೆರೆಸಬೇಕು. ತೆರೆಯಲು ಒಪ್ಪದ ಮಾರಾಟಗಾರರಿಂದ ಕಂದು ಡಯಲಿಗಾಗಿ ಹೆಚ್ಚಿನ ಬೆಲೆ ಕೊಡಬೇಡಿ. ಕನಿಷ್ಠ ಮೂವ್‌ಮೆಂಟ್ ಹೊರತೆಗೆದು, ಡಯಲಿನ ಅಂಚು ಕಾಣುವ ಚಿತ್ರವನ್ನಾದರೂ ಕೇಳಿ. ಚಿತ್ರ ತೆಗೆಯುವಾಗ ಹಗಲಿನ ನೆರಳಲ್ಲೊಂದು, ಹಳದಿ ದೀಪದಲ್ಲೊಂದು ಇರಲಿ. ಕಪ್ಪು ಡಯಲ್ ಕೂಡ ಹಳದಿ ದೀಪದ ನೇರ ಬೆಳಕಿನಲ್ಲಿ ಕಂದಾಗಿ ಕಾಣುತ್ತದೆ. ಬಿಸಿಲಿನಲ್ಲಷ್ಟೇ ಕಂದು, ಕೋಣೆಯೊಳಗೆ ಕಪ್ಪು ಎಂಬಂತಿದ್ದರೆ ಅದು ಬದಲಾವಣೆಯ ಮೊದಲ ಹಂತ. ಪೂರ್ಣ ಕಂದಿನ ಬೆಲೆಗೆ ಅರ್ಹವಲ್ಲ.

ಬರೆದ ಡಯಲ್, ಬದಲಿಸಿದ ಡಯಲ್

ಮುಪ್ಪಾದ ಡಯಲ್ ಬೇಡವೆನಿಸಿದವರಿಗೆ ಎರಡು ದಾರಿ ಕಾಣುತ್ತವೆ. ಹಳೆಯ ತಗಡನ್ನೇ ಕೆರೆದು ಹೊಸದಾಗಿ ಬಣ್ಣ ಹಚ್ಚಿ ಅಚ್ಚೊತ್ತಿದ್ದು ರೀಡಯಲ್. ಕಂಪನಿಯೇ ನಂತರದ ಕಾಲದಲ್ಲಿ ಬಿಡಿಭಾಗವಾಗಿ ಮಾಡಿಕೊಟ್ಟದ್ದು ಸರ್ವಿಸ್ ಡಯಲ್. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಸರ್ವಿಸ್ ಡಯಲ್ ಕಾಲಕ್ಕೆ ಹೊಂದದಿದ್ದರೂ ಕಂಪನಿಯ ಕೆಲಸ. ಒಪ್ಪಿಕೊಂಡು ಹೇಳಿ ಮಾರಿದರೆ, ಕಡಿಮೆ ಬೆಲೆಗೆ ಕಟ್ಟಿಕೊಳ್ಳಲು ನೆಮ್ಮದಿಯ ವಾಚು. ರೀಡಯಲ್ ಯಾವತ್ತೂ ಸಂಗ್ರಹದ ತುಂಡಲ್ಲ.

ರೀಡಯಲ್ ಸಿಕ್ಕಿಬೀಳುವುದು ಮೂಲೆಗಳಲ್ಲಿ. ಕೆರೆದದ್ದರಿಂದ ಉಪವೃತ್ತಗಳೊಳಗಿನ ವೃತ್ತಾಕಾರದ ಸೂಕ್ಷ್ಮ ಗೆರೆಗಳು ಅಳಿದಿರುತ್ತವೆ. ದಪ್ಪ ಬಣ್ಣ ದಿನಾಂಕದ ಕಿಂಡಿಯ ಅಂಚಿನಲ್ಲಿ ದುಂಡಗಾಗಿ ಕೂತಿರುತ್ತದೆ. ನಿಮಿಷದ ಗೆರೆಗಳು ಅಂಟಿಸಿದ ಗುರುತಿನ ಮಧ್ಯಕ್ಕೆ ಸರಿಯಾಗಿ ಬೀಳದೆ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿರುತ್ತವೆ. ಸ್ವಿಸ್ ಎಂಬ ಪದ ಕೇಸಿನ ತುಟಿಯ ಕೆಳಗೆ ಅರ್ಧ ಮುಚ್ಚಿಹೋಗಿರಬಹುದು, ಇಲ್ಲವೇ ಇರುವುದೇ ಇಲ್ಲ.

1960ರ ದಶಕದ ನಡುವಿನವರೆಗಿನ ರೋಲೆಕ್ಸ್ ಗಿಲ್ಟ್ ಡಯಲುಗಳಿಗೆ ಒಂದು ಖಚಿತ ಪರೀಕ್ಷೆ ಇದೆ. ಅಲ್ಲಿ ಹೊಂಬಣ್ಣದ ಅಕ್ಷರ ಮೇಲೆ ಅಚ್ಚೊತ್ತಿದ್ದಲ್ಲ. ಕಪ್ಪು ಲೇಪ ಬೀಳದಂತೆ ತಡೆದ ಜಾಗದಲ್ಲಿ ಕೆಳಗಿನ ಹಿತ್ತಾಳೆಯೇ ಕಾಣುವುದು. ಅಂದರೆ ಅಕ್ಷರ ಸುತ್ತಲಿನ ಕಪ್ಪಿಗಿಂತ ಕೆಳಗೆ, ಮೆರುಗೆಣ್ಣೆಯ ಅಡಿಯಲ್ಲಿ ಇರುತ್ತದೆ. ಕಂಪನಿಯ ಹೆಸರೇ ಮೇಲೆ ಉಬ್ಬಿ ನಿಂತ ಹೊಂಬಣ್ಣದ ಶಾಯಿಯಾಗಿದ್ದರೆ ವಾಚನ್ನು ಕೆಳಗಿಡಿ. ಒಂದು ಎಚ್ಚರಿಕೆ: ಕೆಲವು ಅಸಲಿ ಗಿಲ್ಟ್ ಡಯಲುಗಳಲ್ಲಿ ನೀರಾಳದ ಅಂಕಿಯನ್ನು ಮಾತ್ರ ಬೆಳ್ಳಿಬಣ್ಣದಲ್ಲಿ ಮೇಲೆ ಅಚ್ಚೊತ್ತಿದ್ದರು. ಆ ಒಂದು ಸಾಲನ್ನು ನೋಡಿ ಇಡೀ ಡಯಲನ್ನು ತಿರಸ್ಕರಿಸಬೇಡಿ.

ಡಯಲಿನ ಹಿಂದೆ ಎರಡು ಕಾಲುಗಳು ಮೂವ್‌ಮೆಂಟಿನ ತೂತಿಗೆ ಇಳಿದು ಪಕ್ಕದ ಸ್ಕ್ರೂಗಳಿಂದ ಬಿಗಿಯಾಗುತ್ತವೆ. ಕಾಲು ಕತ್ತರಿಸಿ ಅಂಟುಪಟ್ಟಿಯಿಂದ ಕೂರಿಸಿದ್ದರೆ ಆ ಡಯಲ್ ಬೇರೊಂದು ಮೂವ್‌ಮೆಂಟಿನಿಂದ ಬಂದಿರುವ ಸಾಧ್ಯತೆಯೇ ಹೆಚ್ಚು.

ಎರಡರಲ್ಲಿ ಒಂದು

ಸಮನಾಗಿ ಕಂದಾದ ಡಯಲ್, ಆದರೆ ಪಾಲಿಶ್ ಮಾಡಿ ಮಾಡಿ ಲಗ್ ಸಣಕಲಾದ ಕೇಸ್ ಒಂದು ಕಡೆ. ಕಪ್ಪು ಡಯಲ್, ಗೀರುಗಳಿದ್ದರೂ ಅಂಚು ಚೂಪಾಗಿರುವ ಕೇಸ್ ಇನ್ನೊಂದು ಕಡೆ. ಡಯಲಿನ ಪರೀಕ್ಷೆಗಳೆಲ್ಲ ಗೆದ್ದಿದ್ದರೂ ಇಲ್ಲಿ ಎರಡನೆಯದೇ ಮೇಲು. ಡಯಲ್ ಕೇಸಿನಿಂದ ಕೇಸಿಗೆ ಹೋಗಬಲ್ಲ ಭಾಗ, ಸವೆದ ಕೇಸಿನ ಮೇಲೆ ಚಂದದ ಕಂದು ಡಯಲ್ ಕೂತಿದ್ದರೆ ಅದು ಅಲ್ಲಿಯದೇ ಎಂಬ ನಂಬಿಕೆ ತಾನಾಗಿಯೇ ಕುಗ್ಗುತ್ತದೆ. ಸ್ಪೀಡ್‌ಮಾಸ್ಟರಿನ ತಿರುಚಿದ ಲಗ್ ಮೇಲೆ ಹೊಳಪಿನ ಭಾಗವೂ ಗೆರೆ ಹಾಕಿದ ಭಾಗವೂ ಸಂಧಿಸುವ ಏಣು ಕತ್ತಿಯಲಗಿನಂತಿರಬೇಕು. ರೋಲೆಕ್ಸ್ ಸ್ಪೋರ್ಟ್ಸ್ ವಾಚಿನಲ್ಲಿ ಪಟ್ಟಿ ಹಿಡಿಯುವ ತೂತು ಲಗ್ಗಿನ ಹೊರಅಂಚಿಗೆ ತೀರ ಹತ್ತಿರ ಬಂದಿದ್ದರೆ ಅಷ್ಟು ಲೋಹ ಹೋಗಿದೆ.

ಕಲೆಕಲೆಯಾದ, ಆದರೆ ಅಸಲಿಯಾದ ಡಯಲಿಗೂ ಚೊಕ್ಕ ಸರ್ವಿಸ್ ಡಯಲಿಗೂ ನಡುವೆ ಆರಿಸುವಾಗ ಕಲೆ ಯಾವುದರದು ಎಂಬುದೇ ನಿರ್ಣಾಯಕ. ಬಿಸಿಲಿನ ಅಸಮ ಕಂದಾದರೆ ಅಸಲಿಯೇ ಇರಲಿ. ಕಿಲುಬು ಹಬ್ಬುತ್ತಿದ್ದರೆ ಸರ್ವಿಸ್ ಡಯಲಿನದು. ಮಾರುವವರು ಬಿಚ್ಚಿಟ್ಟ ಹಳೆಯ ಡಯಲನ್ನೂ ಜತೆಗೆ ಕೊಟ್ಟರೆ ಅದಕ್ಕಿಂತ ಒಳ್ಳೆಯ ವ್ಯವಹಾರವಿಲ್ಲ.

ಟ್ರಾಪಿಕಲ್ ಸ್ಪೀಡ್‌ಮಾಸ್ಟರ್ ಹುಡುಕುವವರು ಬಹುಬೇಗ 321ನೇ ಕ್ಯಾಲಿಬರೋ (ಮೂವ್‌ಮೆಂಟಿನ ಮಾದರಿ) 861ನೆಯದೋ ಎಂಬ ಕವಲಿಗೆ ಬರುತ್ತಾರೆ. 321ರಲ್ಲಿ ನಿಲ್ಲುಗಡಿಯಾರದ ಕೆಲಸವನ್ನು ಕಾಲಮ್ ವೀಲ್ ಎಂಬ ಚಕ್ರ ನಡೆಸುತ್ತದೆ, ಗಂಟೆಗೆ 18,000 ಮಿಡಿತ, 105.003, 105.012, 145.012ರಲ್ಲಿದೆ. 1968ರಲ್ಲಿ ಬಂದ 861ರಲ್ಲಿ ಅದೇ ಕೆಲಸಕ್ಕೆ ಕ್ಯಾಮ್ ಎಂಬ ಸರಳ ಭಾಗವಿದೆ, 21,600 ಮಿಡಿತ, 145.022ರಲ್ಲಿದೆ. 321ಕ್ಕೆ ಬೆಲೆ ಹೆಚ್ಚು, ಬಿಡಿಭಾಗ ದುರ್ಲಭ. ಮೊದಲ ಕಂದು ಡಯಲ್ ಕೊಳ್ಳುವವರಿಗೆ 145.022 ಸಾಕು, ಡಯಲಿನ ಚೆಲುವಿನಲ್ಲಿ ಎರಡಕ್ಕೂ ಭೇದವಿಲ್ಲ. 1968ರ ಸುಮಾರಿಗೆ ಅಂಟಿಸಿದ ಲೋಹದ ಒಮೆಗಾ ಚಿಹ್ನೆ ಹೋಗಿ ಬಣ್ಣದ ಚಿಹ್ನೆ ಬಂತು, ಆದ್ದರಿಂದ 321ರ ಮೇಲೆ ಬಣ್ಣದ ಚಿಹ್ನೆ ಕಂಡರೆ ಡಯಲ್ ನಂತರದ್ದು. ಹಳೆಯ ಬೆಜೆಲಿನಲ್ಲಿ 90ರ ಅಂಕಿಯ ಚುಕ್ಕೆ ನೆತ್ತಿಯ ಮೇಲಿರುತ್ತದೆ, ನಂತರದ್ದರಲ್ಲಿ ಪಕ್ಕಕ್ಕೆ. ಆ ಒಂದು ಚುಕ್ಕೆ ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಮಾಡುತ್ತದೆ, ಹಾಗಾಗಿ ಬೆಜೆಲ್ ಅದಲುಬದಲು ಬಲು ಸಾಮಾನ್ಯ.

ಹಳೆಯ ವಾಚಿನ ನಾಜೂಕು ಬೇಡ, ಮುಪ್ಪಿನ ಬಣ್ಣ ಬೇಕು ಎನ್ನುವವರಿಗೆ ಪತ್ರಿಜ್ಜಿ ಡಯಲಿನ 16520 ಹೊಂದುತ್ತದೆ: ಸಫೈರ್ ಗಾಜು, ಝೆನಿತ್ ಎಲ್ ಪ್ರಿಮೆರೊ ಆಧಾರದ 4030 ಕ್ಯಾಲಿಬರು, ಮೂಲದ 36,000 ಮಿಡಿತವನ್ನು 28,800ಕ್ಕೆ ಇಳಿಸಿದ್ದು. ಕೊಳ್ಳುವಾಗ ಮೂರೂ ಉಂಗುರಗಳು ಒಂದೇ ಛಾಯೆಯಲ್ಲಿವೆಯೇ ನೋಡಿ.

ವಾಚಿನ ಮಿಡಿತ ಕೇಳಿ ಅಳೆಯುವ ಟೈಮ್‌ಗ್ರಾಫರ್ ಮೇಲೆ ಇಡದೆ ಯಾವುದನ್ನೂ ಮುಗಿಸಬೇಡಿ. ಪೂರ್ತಿ ಕೀಲಿ ಕೊಟ್ಟು ಡಯಲ್ ಮೇಲ್ಮುಖವಾಗಿಟ್ಟಾಗ ಆಂಪ್ಲಿಟ್ಯೂಡ್ (ಬ್ಯಾಲೆನ್ಸ್ ಚಕ್ರ ತೂಗುವ ಕೋನ) 270ರಿಂದ 310 ಡಿಗ್ರಿ ಇದ್ದರೆ ಆರೋಗ್ಯ. 18,000 ಮಿಡಿತದ ಹಳಬರಿಗೆ 250 ಕೂಡ ಸರಿಯೇ. 200ಕ್ಕಿಂತ ಕೆಳಗಿದ್ದರೆ ಪೂರ್ಣ ಸರ್ವಿಸಿನ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಬೀಟ್ ಎರರ್, ಅಂದರೆ ಎಡಬಲ ತೂಗಿನ ನಡುವಿನ ಕಾಲವ್ಯತ್ಯಾಸ, 1 ಮಿಲಿಸೆಕೆಂಡಿನ ಒಳಗಿರಲಿ. ಆ ಕ್ಯಾಲಿಬರಿನ ಸರಿಯಾದ ಲಿಫ್ಟ್ ಆ್ಯಂಗಲ್ (ಪ್ರತಿ ಮಿಡಿತದಲ್ಲಿ ಬ್ಯಾಲೆನ್ಸ್ ಚಕ್ರಕ್ಕೆ ತಳ್ಳು ಸಿಗುವ ಕೋನ) ಯಂತ್ರಕ್ಕೆ ಹಾಕದಿದ್ದರೆ ಆಂಪ್ಲಿಟ್ಯೂಡಿನ ಅಂಕಿ ಸುಳ್ಳಾಗುತ್ತದೆ. ಕ್ರೋನೋಗ್ರಾಫ್, ಅಂದರೆ ನಿಲ್ಲುಗಡಿಯಾರ, ಇದ್ದರೆ ಅದನ್ನು ಅರ್ಧ ಗಂಟೆಗೂ ಹೆಚ್ಚು ಓಡಿಸಿ. ನಿಮಿಷದ ಎಣಿಕೆ ಸರಿಯಾಗಿ ಹಾರಬೇಕು, ಮರುಹೊಂದಿಸಿದಾಗ ಎಲ್ಲ ಮುಳ್ಳೂ ನೆಟ್ಟಗೆ ಸೊನ್ನೆಗೆ ಬರಬೇಕು.

ಕಾಗದಕ್ಕೆ ಡಯಲ್ ಗೊತ್ತಿಲ್ಲ

ಪಟೇಕ್, ವಾಶೆರಾನ್ ತಮ್ಮ ದಾಖಲೆಗಳಿಂದ ಹಳೆಯ ವಾಚುಗಳಿಗೆ ಪತ್ರ ಕೊಡುತ್ತ ಬಂದಿವೆ. ರೋಲೆಕ್ಸ್ ಇಂಥ ಪತ್ರ ಕೊಡುವುದಿಲ್ಲ. ಆದರೆ ಪತ್ರದಲ್ಲಿರುವುದು ಮೂವ್‌ಮೆಂಟಿನ ಸಂಖ್ಯೆ, ಮಾದರಿ, ತಯಾರಾದ ದಿನಾಂಕದಂಥ ವಿವರ. ಈಗ ಆ ವಾಚಿನ ಮೇಲಿರುವ ಡಯಲ್ ಹುಟ್ಟಿನಿಂದಲೂ ಅಲ್ಲೇ ಇತ್ತೆಂದು ಯಾವ ಪತ್ರವೂ ಹೇಳಲಾರದು.

ಇದಕ್ಕೆ ಅತಿ ದುಬಾರಿ ಉದಾಹರಣೆ 2021ರ ನವೆಂಬರಿನದು. ಜಿನೀವಾದಲ್ಲಿ ಫಿಲಿಪ್ಸ್ ಹರಾಜಿನಲ್ಲಿ ಟ್ರಾಪಿಕಲ್ ಡಯಲಿನ ಒಮೆಗಾ ಸ್ಪೀಡ್‌ಮಾಸ್ಟರ್ 2915-1 ಒಂದು 31,15,500 ಸ್ವಿಸ್ ಫ್ರಾಂಕಿಗೆ ಹೋಯಿತು. ಕೊಂಡದ್ದು ತನ್ನ ವಸ್ತುಸಂಗ್ರಹಾಲಯಕ್ಕಾಗಿ ಒಮೆಗಾ ಕಂಪನಿಯೇ. 2023ರಲ್ಲಿ ಅದೇ ಕಂಪನಿ, ಆ ವಾಚು ಬೇರೆಬೇರೆ ಕಡೆಯ ಭಾಗಗಳನ್ನು ಕೂಡಿಸಿ ಕಟ್ಟಿದ್ದೆಂದೂ ಅದರಲ್ಲಿ ತನ್ನ ಮಾಜಿ ಸಿಬ್ಬಂದಿಯ ಪಾತ್ರವಿತ್ತೆಂದೂ ಹೇಳಿತು. ತಯಾರಿಸಿದವರೇ ಮೋಸಹೋದ ಮೇಲೆ, ಬಣ್ಣಕ್ಕೆ ಮಾರುಹೋಗಿ ಆತುರಪಡುವುದಕ್ಕೆ ಬೇರೆಯವರಿಗೆ ನೆಪವಿಲ್ಲ.

ರೋಲೆಕ್ಸಿನಲ್ಲಿ ಕಾಗದದ ಕೆಲಸವನ್ನು ಲೋಹವೇ ಮಾಡಬೇಕು. ಹಳೆಯ ಮಾದರಿಗಳಲ್ಲಿ ಪಟ್ಟಿ ಬಿಚ್ಚಿದರೆ 12 ಗಂಟೆಯ ಕಡೆಯ ಲಗ್‌ಗಳ ನಡುವೆ ಮಾದರಿ ಸಂಖ್ಯೆ, 6ರ ಕಡೆ ಕ್ರಮಸಂಖ್ಯೆ ಸಿಗುತ್ತದೆ. 1970ರ ದಶಕದ ಆರಂಭದವರೆಗಿನ ಹಲವು ಕೇಸುಗಳ ಹಿಂಬದಿ ಮುಚ್ಚಳದ ಒಳಗೆ ತ್ರೈಮಾಸಿಕವನ್ನು ರೋಮನ್ ಅಂಕಿಯಲ್ಲಿ, ವರ್ಷವನ್ನು ಎರಡಂಕಿಯಲ್ಲಿ ಒತ್ತಿದ್ದಾರೆ. ಮೂರೂ ಒಂದೇ ಕಾಲ ಹೇಳಬೇಕು, ಡಯಲಿನ ಅಚ್ಚಿನ ಶೈಲಿ ನಾಲ್ಕನೆಯ ಸಾಕ್ಷಿಯಾಗಿ ಒಪ್ಪಬೇಕು.

ಕೊಂಡ ಮೇಲೆ

ಮುಪ್ಪಾದ ಡಯಲ್ ಹಾಳಾಗುವ ಅತಿ ಸಾಮಾನ್ಯ ಸ್ಥಳ ಸರ್ವಿಸ್ ಮೇಜು. ಕೊಡುವಾಗ ರಸೀದಿಯ ಮೇಲೆಯೇ ಬರೆಸಿ: ಡಯಲ್, ಮುಳ್ಳು, ಬೆಜೆಲ್ ಬದಲಿಸಬಾರದು, ಹೊಸ ಲೇಪ ಬಳಿಯಬಾರದು, ಕೇಸ್ ಪಾಲಿಶ್ ಮಾಡಬಾರದು, ಬದಲಿಸಿದ ಪ್ರತಿ ಭಾಗವನ್ನೂ ಹಿಂದಿರುಗಿಸಬೇಕು. ಬಾಯಿಮಾತಿನ ಭರವಸೆ ಸಾಲದು. ಕೆಲವು ಕಂಪನಿಗಳ ಸರ್ವಿಸ್ ಕೇಂದ್ರಗಳು ಹಳೆಯ ಡಯಲನ್ನು ದೋಷವೆಂದೇ ಪರಿಗಣಿಸಿ, ಬದಲಿಸಲು ಒಪ್ಪದಿದ್ದರೆ ವಾಚನ್ನು ಮುಟ್ಟುವುದಿಲ್ಲ. ಆಗ ಹಳೆಯ ಕ್ಯಾಲಿಬರುಗಳಲ್ಲಿ ಕೈಪಳಗಿದ ಸ್ವತಂತ್ರ ಗಡಿಯಾರ ತಂತ್ರಜ್ಞರೇ ಗತಿ. ಮುಳ್ಳಿನ ಹೊಳೆಯುವ ಲೇಪ ಪುಡಿಯಾಗುತ್ತಿದ್ದರೆ ಮುಳ್ಳಿನ ಒಳಬದಿಯಿಂದ ತೆಳು ಅಂಟು ಕೊಟ್ಟು ಹಿಡಿದು ನಿಲ್ಲಿಸಬಹುದು. ಇದು ಮರುಲೇಪನವಲ್ಲ, ಮುಂಭಾಗದ ನೋಟ ಬದಲಾಗುವುದಿಲ್ಲ.

ಗ್ಯಾಸ್ಕೆಟ್ ಹೊಸದು ಹಾಕಿಸಿ, ಗಾಳಿಯ ಒತ್ತಡದಲ್ಲಷ್ಟೇ ಪರೀಕ್ಷೆ ಮಾಡಿಸಿ. ನೀರಿನ ಪರೀಕ್ಷೆಯಲ್ಲಿ ಸೋತರೆ ಡಯಲ್ ಹೋಯಿತು. ಪರೀಕ್ಷೆ ಗೆದ್ದರೂ ಈಜಬೇಡಿ, ಮುಖ್ಯವಾಗಿ ಬಿಸಿನೀರಿನ ಹತ್ತಿರ ಒಯ್ಯಬೇಡಿ. ಬಿಸಿಯಾಗಿ ತಣಿದಾಗ ಕೇಸ್ ಹೊರಗಿನ ಆವಿಯನ್ನು ಒಳಕ್ಕೆಳೆದುಕೊಳ್ಳುತ್ತದೆ. ಗಾಜಿನೊಳಗೆ ಮಂಜು ಕಂಡರೆ ತಾನೇ ಒಣಗಲೆಂದು ಕಾಯದೆ ಒಂದೆರಡು ದಿನದೊಳಗೆ ಹಿಂಬದಿ ತೆರೆಸಿ.

ಇಡುವ ಜಾಗ ಕತ್ತಲಾಗಿರಲಿ, ತೇವಾಂಶ ನೂರಕ್ಕೆ 40ರಿಂದ 50ರ ನಡುವೆ ಇರಲಿ. ವರ್ಷಕ್ಕೊಮ್ಮೆ ಅದೇ ಕಿಟಕಿಯ ಪಕ್ಕ, ಅದೇ ಹೊತ್ತಿನಲ್ಲಿ, ಪಕ್ಕದಲ್ಲೊಂದು ಬಿಳಿ ಕಾಗದವಿಟ್ಟು ಡಯಲಿನ ಚಿತ್ರ ತೆಗೆದಿಡಿ. ಎರಡು ವರ್ಷದ ಚಿತ್ರಗಳನ್ನು ಜೋಡಿಸಿ ನೋಡಿದಾಗ ಕಂದು ಇದ್ದಲ್ಲೇ ಇದ್ದರೆ ಸರಿ. ಗಂಟೆಗುರುತಿನ ಬುಡದ ಒಂದು ಚುಕ್ಕೆ ದೊಡ್ಡದಾಗಿದ್ದರೆ, ವಾಚು ಮರುದಿನವೇ ಮೇಜಿನ ಮೇಲೆ ಬಿಚ್ಚಿಕೊಳ್ಳಬೇಕು.